ಕೆಂಗೇರಿಯಿಂದ ಚಿಕ್ಕಪೇಟೆಗೆ: ದಾರಿಯ ವೆಚ್ಚ ಯಾರ ಖಾತೆಗೆ?

ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿಗೆ ಆರಂಭದಲ್ಲಿಯೇ ಕಲಿಸುವ ಒಂದು ಪಾಠವಿದೆ. ಸೂರತ್ತಿನಿಂದ ಒಂದು ಮೂಟೆ ಬಟ್ಟೆ ಬೆಂಗಳೂರಿಗೆ ಬಂದರೆ ಅದರ ಬೆಲೆಯೆಂದರೆ ಸೂರತ್ತಿನಲ್ಲಿ ಕೊಟ್ಟ ಹಣ ಮಾತ್ರವಲ್ಲ. ಲಾರಿಯ ಬಾಡಿಗೆಯನ್ನೂ ಹಮಾಲಿಯ ಕೂಲಿಯನ್ನೂ ಕೂಡಿಸಿಕೊಂಡೇ ಅದರ ಬೆಲೆಯನ್ನು ನಿರ್ಧರಿಸಬೇಕು. ಸರಕು ನಮ್ಮ ಬಾಗಿಲಿಗೆ ಬಂದು ಸೇರುವವರೆಗಿನ ಸಾಗಣೆಯ ವೆಚ್ಚವನ್ನು ವ್ಯಾಪಾರ ಖಾತೆಯ ಖರ್ಚಿನ ಬದಿಗೆ ಬರೆಯದೆ ಲಾಭವನ್ನು ತೋರಿಸಿದರೆ ಆ ಲಾಭ ನಿಜವಾದುದಲ್ಲ. ಬಿ.ಕಾಂ. ತರಗತಿಯಲ್ಲಿ ಈ ಪಾಠವನ್ನು ಕೇಳಿ ನನಗೆ ನಲವತ್ತಕ್ಕೂ ಹೆಚ್ಚು ವರ್ಷಗಳಾದವು. ಅಂದಿನಿಂದ ಇಂದಿನವರೆಗೆ ಬಟ್ಟೆಯ ವ್ಯಾಪಾರದಲ್ಲಿ ಅದನ್ನು ಪ್ರತಿದಿನವೂ ಬಳಸುತ್ತ ಬಂದಿದ್ದೇನೆ.

ಆದರೆ ಆ ಮೂಟೆಯನ್ನು ಬಿಚ್ಚಿ, ಸೀರೆಯನ್ನು ಗಿರಾಕಿಯ ಮುಂದೆ ಹಾಸಿ, ಮತ್ತೆ ಮಡಿಸಿಡುವ ಮನುಷ್ಯನೂ ಪ್ರತಿದಿನ ಹದಿನೈದು ಇಪ್ಪತ್ತು ಕಿಲೋಮೀಟರು ದೂರದಿಂದ ತನ್ನನ್ನು ತಾನೇ ಸಾಗಿಸಿಕೊಂಡು ಬರುತ್ತಾನೆ. ಆ ಸಾಗಣೆಯ ವೆಚ್ಚವನ್ನು ಯಾವ ಖಾತೆಯಲ್ಲಿ ಬರೆಯಲಾಗಿದೆ? ನಮ್ಮ ಪುಸ್ತಕದಲ್ಲಂತೂ ಅದು ಇರುವುದಿಲ್ಲ. ಅದು ಅವನ ಜೇಬಿನಿಂದ, ಅವನ ನಿದ್ರೆಯಿಂದ, ಅವನ ಮಕ್ಕಳೊಡನೆ ಕಳೆಯಬೇಕಾದ ಹೊತ್ತಿನಿಂದ ಸಂದಾಯವಾಗುತ್ತದೆ. ನಗರದ ಅಂಚಿನ ಬಡಾವಣೆಯಿಂದ ನಗರದ ನಡುವಿಗೆ ಹೋಗಿಬರುವ ವಿಷಯವನ್ನು ನಾವು ಸಾಮಾನ್ಯವಾಗಿ ಅನುಕೂಲದ ಪ್ರಶ್ನೆಯೆಂದು ಮಾತನಾಡುತ್ತೇವೆ. ಬಸ್ಸು ಒಳ್ಳೆಯದೋ, ಮೆಟ್ರೊ ಒಳ್ಳೆಯದೋ, ಸ್ವಂತ ವಾಹನವೇ ಲೇಸೋ ಎಂಬುದು ನಮ್ಮ ಚರ್ಚೆ. ಇದರಲ್ಲಿ ಧರ್ಮದ ಪ್ರಶ್ನೆಯೂ ಅಡಗಿದೆ ಎಂಬುದನ್ನು ಓದುಗ ಬಾಂಧವರ ಮುಂದಿಡುವುದೇ ಈ ಬರಹದ ಉದ್ದೇಶ.

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಆ ಪೇಟೆಯ ಬೀದಿಗಳು ಕಸುಬಿನ ಹೆಸರನ್ನೇ ಹೊತ್ತಿದ್ದವು. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಇವೆಲ್ಲ ಇಂದಿಗೂ ಉಳಿದಿರುವ ಹೆಸರುಗಳು. ಕೆಳಗೆ ಅಂಗಡಿ, ಮೇಲೆ ಮನೆ. ಕೆಲಸಕ್ಕೆ ಹೋಗುವುದೆಂದರೆ ಮೆಟ್ಟಿಲಿಳಿಯುವುದು. ನಮ್ಮ ತಂದೆಯವರು ಹೊತ್ತು ಮುಳುಗುವ ಮುನ್ನ ಮೇಲೆ ಹೋಗಿ ಊಟ ಮುಗಿಸಿ, ಮತ್ತೆ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುತ್ತಿದ್ದರು. ಅಂಗಡಿಯ ಗುಮಾಸ್ತರೂ ಎರಡು ಬೀದಿಗಳಾಚೆ ಬಾಡಿಗೆಯ ಮನೆಯಲ್ಲಿದ್ದರು. ಕುಟುಂಬ ಬೆಳೆಯಿತು, ಮೇಲಿನ ಮನೆ ಸರಕಿನ ದಾಸ್ತಾನಿಗೆ ಬೇಕಾಯಿತು, ಪೇಟೆಯ ಬಾಡಿಗೆ ಏರಿತು. 1990ರ ದಶಕದಲ್ಲಿ ನಾವು ಕೆಂಗೇರಿ ಉಪನಗರಕ್ಕೆ ಬಂದೆವು. ನಮ್ಮ ಗುಮಾಸ್ತರು ಅದಕ್ಕಿಂತಲೂ ದೂರಕ್ಕೆ, ಕುಂಬಳಗೋಡಿನ ಕಡೆಗೆ ಹೋದರು. ನೂರಾರು ವ್ಯಾಪಾರಿ ಕುಟುಂಬಗಳ ಕಥೆಯೂ ಇದೇ ಆಗಿದೆ.

ಕೆಂಗೇರಿಯಿಂದ ಪೇಟೆಗೆ ಸುಮಾರು ಹದಿನೈದು ಕಿಲೋಮೀಟರು. ಇಷ್ಟು ದೂರವನ್ನು ಕ್ರಮಿಸಲು ಇಂದು ನಾಲ್ಕು ಬಗೆಯ ಸಾಧನಗಳಿವೆ. ಒಂದೊಂದನ್ನೂ ಪ್ರತ್ಯೇಕವಾಗಿ ನೋಡೋಣ.

ಮೊದಲನೆಯದು ಬಸ್ಸು. ನಾವು ಬಂದ ಕಾಲಕ್ಕೆ ಅದನ್ನು ಎಲ್ಲರೂ ಬಿ.ಟಿ.ಎಸ್. ಎನ್ನುತ್ತಿದ್ದರು, 1997ರಲ್ಲಿ ಅದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯಾಯಿತು. ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ, ಬ್ಯಾಟರಾಯನಪುರ, ಬಾಪೂಜಿನಗರ, ಸಿರ್ಸಿ ವೃತ್ತಗಳನ್ನು ದಾಟಿ ಬಸ್ಸು ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬರುತ್ತದೆ. ಅಲ್ಲಿಂದ ಚಿಕ್ಕಪೇಟೆಗೆ ಕಾಲ್ನಡಿಗೆ. ಇದರ ಗುಣವೆಂದರೆ ಬಡಾವಣೆಯ ಒಳಗಿನಿಂದಲೇ ಹತ್ತಬಹುದು, ವಾಹನ ಬದಲಿಸಬೇಕಾಗಿಲ್ಲ. ದೋಷವೆಂದರೆ ತಲುಪುವ ಹೊತ್ತನ್ನು ಹೇಳಲಾಗದು. ವೃಷಭಾವತಿ ರಸ್ತೆಯ ಪಕ್ಕದಲ್ಲಿಯೇ ಹರಿಯುತ್ತದೆ. ಜೋರು ಮಳೆ ಬಂದ ಸಂಜೆ ಗಾಳಿ ಆಂಜನೇಯ ದೇವಾಲಯದ ಬಳಿ ನೀರು ನಿಂತರೆ ಒಂದು ಗಂಟೆಯ ದಾರಿ ಎರಡು ಗಂಟೆಯಾಗುವುದನ್ನು ನಾನು ಹಲವು ಬಾರಿ ಅನುಭವಿಸಿದ್ದೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿದೆ. ಪುರುಷರಿಗೆ 2025ರ ಜನವರಿ 5ರಿಂದ ಬಸ್ ದರ ಶೇಕಡಾ 15ರಷ್ಟು ಹೆಚ್ಚಾಯಿತು.

ಎರಡನೆಯದು ರೈಲು. ಬೆಂಗಳೂರು ಮೈಸೂರು ರೈಲು ಮಾರ್ಗ 1880ರ ದಶಕದಲ್ಲಿ ಹಾಕಿದುದು. ಕೆಂಗೇರಿ ಅದರ ಮೇಲಿನ ಒಂದು ನಿಲ್ದಾಣ. ಇದು ಎಲ್ಲಕ್ಕಿಂತ ಅಗ್ಗದ ಸಾಧನ. ಆದರೆ ಇಲ್ಲಿ ನಿಲ್ಲುವ ಗಾಡಿಗಳು ಬಸ್ಸಿನಂತೆ ಹತ್ತು ನಿಮಿಷಕ್ಕೊಮ್ಮೆ ಬರುವುದಿಲ್ಲ. ಅಂಗಡಿಯ ವೇಳೆಗೆ ಹೊಂದಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. ಅದರ ನಾಲ್ಕು ಮಾರ್ಗಗಳಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗುವ ಮಾರ್ಗವೂ ಒಂದು. ಪಾರಿಜಾತ ಎಂಬ ಸೊಗಸಾದ ಹೆಸರನ್ನೂ ಇಟ್ಟಿದ್ದಾರೆ. ಹೆಸರು ಬಂದಿದೆ, ಗಾಡಿ ಬರಬೇಕಾಗಿದೆ.

ಮೂರನೆಯದು ಮೆಟ್ರೊ. 2021ರ ಆಗಸ್ಟ್ ಕೊನೆಯಲ್ಲಿ ಮೈಸೂರು ರಸ್ತೆಯ ನಿಲ್ದಾಣದಿಂದ ಕೆಂಗೇರಿಯವರೆಗೆ ನೇರಳೆ ಮಾರ್ಗ ವಿಸ್ತರಿಸಿತು. 2023ರ ಅಕ್ಟೋಬರ್ 9ರಂದು ಅದು ಒಂದು ತುದಿಯಲ್ಲಿ ಚಲ್ಲಘಟ್ಟದಿಂದ ಇನ್ನೊಂದು ತುದಿಯಲ್ಲಿ ವೈಟ್‌ಫೀಲ್ಡಿನವರೆಗೆ, ಒಟ್ಟು 43 ಕಿಲೋಮೀಟರಿಗೂ ಹೆಚ್ಚು ಉದ್ದದ ಅಖಂಡ ಮಾರ್ಗವಾಯಿತು. ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣದಲ್ಲಿ ಹತ್ತಿದರೆ ಹನ್ನೆರಡನೆಯ ನಿಲುಗಡೆಯೇ ಮೆಜೆಸ್ಟಿಕ್. ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣ ಚಿಕ್ಕಪೇಟೆ. 2017ರ ಜೂನ್‌ನಲ್ಲಿ ತೆರೆದ ಈ ನೆಲದಡಿಯ ನಿಲ್ದಾಣದಿಂದ ಮೇಲೆ ಬಂದರೆ ನಮ್ಮ ಹಳೆಯ ಬೀದಿಗಳು ಎದುರಿಗೇ ಇವೆ. ಮಳೆಯಾಗಲಿ ಮೆರವಣಿಗೆಯಾಗಲಿ ಇದಕ್ಕೆ ಅಡ್ಡಿಯಿಲ್ಲ. ಮನೆಯಿಂದ ಹೊರಟವನು ತಾನು ತಲುಪುವ ಹೊತ್ತನ್ನು ಧೈರ್ಯದಿಂದ ಹೇಳಬಲ್ಲನು ಎಂಬುದೇ ಇದರ ದೊಡ್ಡ ಉಪಕಾರ. ಆದರೆ 2025ರ ಫೆಬ್ರವರಿಯಲ್ಲಿ ದರ ಪರಿಷ್ಕರಣೆಯಾಗಿ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ದೂರದಿಂದ ಬರುವವನಿಗೇ ಹೆಚ್ಚಿನ ಹೊರೆ ಬಿತ್ತು.

ನಾಲ್ಕನೆಯದು ಸ್ವಂತ ವಾಹನ. ಕಾರಿನಲ್ಲಿ ಹೋದರೆ ಗೌರವ, ದ್ವಿಚಕ್ರದಲ್ಲಿ ಹೋದರೆ ವೇಗ ಎಂದು ಜನ ತಿಳಿಯುತ್ತಾರೆ. ಎತ್ತಿನ ಗಾಡಿ ತಿರುಗುವಷ್ಟು ಅಗಲದ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಕಾರನ್ನು ನಿಲ್ಲಿಸುವುದೆಲ್ಲಿ? 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ಆ ಕಡೆಯ ವಾಹನಗಳು ವೇಗವಾಗಿ ಬಂದು ನಮ್ಮ ರಸ್ತೆಗೇ ಸೇರುತ್ತವೆ. ಐವರು ಕುಳಿತುಕೊಳ್ಳಬಹುದಾದ ಕಾರಿನಲ್ಲಿ ಒಬ್ಬರೇ ಕುಳಿತು, ಅರವತ್ತು ಮಂದಿಯ ಬಸ್ಸಿನ ಮುಂದೆ ನಿಂತು, ಆ ಅರವತ್ತು ಮಂದಿಯ ಹೊತ್ತನ್ನೂ ತಿನ್ನುವುದು ಲೆಕ್ಕ ಬಲ್ಲವರಿಗೆ ಒಪ್ಪತಕ್ಕದ್ದಲ್ಲ.

ಇಷ್ಟನ್ನು ನೋಡಿದರೆ ಮೆಟ್ರೊ ಬಂದ ಮೇಲೆ ಪ್ರಶ್ನೆ ಬಗೆಹರಿಯಿತೆಂದು ತೋರಬಹುದು. ವಾಸ್ತವವಾಗಿ ತೊಂದರೆ ಇರುವುದು ನಡುವಿನ ಹದಿನೈದು ಕಿಲೋಮೀಟರಿನಲ್ಲಿ ಅಲ್ಲ, ಮನೆಯಿಂದ ನಿಲ್ದಾಣದವರೆಗಿನ ಎರಡು ಕಿಲೋಮೀಟರಿನಲ್ಲಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋರಿಕ್ಷಾದ ಕನಿಷ್ಠ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ತಿಂಗಳಿಗೆ 26 ಕೆಲಸದ ದಿನಗಳೆಂದರೆ 1,872 ರೂಪಾಯಿ. ನಿಲ್ದಾಣದ ಬಾಗಿಲನ್ನು ಮುಟ್ಟುವುದಕ್ಕೇ ಇಷ್ಟಾಯಿತು, ಮೆಟ್ರೊ ದರ ಬೇರೆ. ಆದ್ದರಿಂದ ಆಟೋ ಹಿಡಿಯಲಾರದವರು ನಡೆಯುತ್ತಾರೆ. ನಡೆಯುವುದು ಒಳ್ಳೆಯದೇ, ಆದರೆ ಕಾಲುದಾರಿ ಒಡೆದು, ಬೀದಿದೀಪ ಕೆಟ್ಟು, ನಾಯಿಗಳ ಹಿಂಡು ಕಾದಿರುವ ರಸ್ತೆಯಲ್ಲಿ ರಾತ್ರಿ ಒಂಬತ್ತೂವರೆಗೆ ಒಬ್ಬ ಹೆಣ್ಣುಮಗಳು ನಡೆಯಬೇಕಾದಾಗ ಅದನ್ನು ಆರೋಗ್ಯದ ಉಪದೇಶವಾಗಿ ಹೇಳಲು ನಾಲಿಗೆ ಬಾರದು.

ನಮ್ಮ ಮಳಿಗೆಯಲ್ಲಿ ಸೀರೆಯ ವಿಭಾಗವನ್ನು ನೋಡಿಕೊಳ್ಳುವ ಹಿರಿಯರೊಬ್ಬರು ಕುಂಬಳಗೋಡಿನ ಆಚೆಯಿಂದ ಬರುತ್ತಾರೆ. ಬಸ್ಸಿಗೆ ಕಾಯುವುದು, ಕೆಂಗೇರಿಯಲ್ಲಿ ಇಳಿಯುವುದು, ಮೆಟ್ರೊ ಹತ್ತುವುದು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸುವುದು, ಹೀಗೆ ಒಂದು ಕಡೆಗೆ ಒಂದೂಮುಕ್ಕಾಲು ಗಂಟೆ. ದಿನಕ್ಕೆ ಮೂರೂವರೆ ಗಂಟೆ, ತಿಂಗಳಿಗೆ 91 ಗಂಟೆ. ಎಂಟು ಗಂಟೆಯ ದಿನಕ್ಕೆ ಹೋಲಿಸಿದರೆ ಇದು ಹನ್ನೊಂದು ದಿನಗಳ ದುಡಿಮೆಗೂ ಮಿಗಿಲು. ಅದಕ್ಕೆ ಕೂಲಿ ಇಲ್ಲ. ಲೆಕ್ಕದ ಕೆಲಸ ಮಾಡುವ ಒಬ್ಬ ತಾಯಿ ಇನ್ನೊಂದು ದಿಕ್ಕಿನಿಂದ ಬರುತ್ತಾರೆ. ಮೆಟ್ರೊ ಹತ್ತಿರದಲ್ಲಿದ್ದರೂ ಅವರು ಬಸ್ಸಿನಲ್ಲೇ ಬರುವುದು. ಬಸ್ಸು ಅವರಿಗೆ ಉಚಿತ, ಮೆಟ್ರೊ ಉಚಿತವಲ್ಲ. ಉಳಿದ ಹಣ ಮಗನ ಶಾಲೆಯ ಶುಲ್ಕಕ್ಕೆ ಆಗುತ್ತದೆ. ಹಣವನ್ನು ಉಳಿಸಲು ಅವರು ಹೊತ್ತನ್ನು ಕೊಡುತ್ತಾರೆ. ಹಿರಿಯರು ಹೊತ್ತನ್ನು ಉಳಿಸಲು ಹಣವನ್ನು ಕೊಡುತ್ತಾರೆ. ಎರಡನ್ನೂ ಉಳಿಸುವ ದಾರಿ ಮಾತ್ರ ಇಬ್ಬರಿಗೂ ಇಲ್ಲ.

ಒಂದು ದಿನ ನಾನು ಆ ಹಿರಿಯರನ್ನು ಕೇಳಿದೆ: "ಇಷ್ಟೊಂದು ದಾರಿಗಳಿವೆಯಲ್ಲ, ನಿಮಗೆ ಯಾವುದು ಹಿತವಾಗಿದೆ?" ಅವರು ನಕ್ಕು, "ಯಜಮಾನರೇ, ದಾರಿ ಯಾವುದಾದರೂ ಆದೀತು. ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅನ್ನುವುದರ ಮೇಲೆ ಎಲ್ಲ ಇದೆ" ಎಂದರು. ನಾನು ಸಾಧನಗಳ ಕುರಿತು ಕೇಳಿದ್ದೆ. ಅವರು ಸಮಯದ ಕುರಿತು ಉತ್ತರಿಸಿದರು. ಆ ಉತ್ತರವೇ ಸರಿಯಾದುದು. ಎಂಟೂವರೆಗೆ ಬಾಗಿಲು ಹಾಕಿದರೆ ಬಸ್ಸಿನ ನೂಕುನುಗ್ಗಲೂ, ಕೆಂಗೇರಿಯಿಂದ ಆಚೆಗೆ ಹೋಗುವ ಬಸ್ಸುಗಳು ವಿರಳವಾಗುವುದೂ, ಕತ್ತಲೆಯ ನಡಿಗೆಯೂ ಅವರ ಪಾಲಿಗೆ. ಏಳಕ್ಕೆ ಹಾಕಿದರೆ ಅದೇ ದಾರಿ ಸುಗಮ. ದಾರಿಯ ಆಯ್ಕೆ ಪ್ರಯಾಣಿಕನದು ಎಂದು ನಾವು ಭಾವಿಸುತ್ತೇವೆ. ಅರ್ಧ ಆಯ್ಕೆ ಮಾತ್ರ ಅವನದು. ಮಿಕ್ಕರ್ಧವನ್ನು ಸಮಯ ಗೊತ್ತುಮಾಡುವವನು ಅವನಿಗಾಗಿ ಮೊದಲೇ ಮಾಡಿಬಿಟ್ಟಿರುತ್ತಾನೆ.

ಇಲ್ಲಿ ನಮ್ಮ ಶಾಸ್ತ್ರದ ಒಂದು ಮಾತನ್ನು ನೆನೆಯಬೇಕಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ವಿವರಿಸಿದ್ದಾರೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಜೀವಿಗಳಿಗೆ ಉಂಟುಮಾಡುವ ನೋವು. ಐದನೆಯದಾದ ಪ್ರಮಾದಚರ್ಯೆಯಲ್ಲಿ, ನೆಲ ನೀರು ಬೆಂಕಿ ಗಾಳಿ ಮರಗಿಡಗಳಿಗೆ ವ್ಯರ್ಥವಾಗಿ ಮಾಡುವ ಹಾನಿಯ ಜೊತೆಗೆ ಎರಡು ಸಂಗತಿಗಳನ್ನು ಅವರು ಸೇರಿಸಿದ್ದಾರೆ. ಒಂದು ಸರಣ, ಎಂದರೆ ತಾನು ನಿಷ್ಕಾರಣವಾಗಿ ತಿರುಗುವುದು. ಇನ್ನೊಂದು ಸಾರಣ, ಎಂದರೆ ಇತರರನ್ನು ನಿಷ್ಕಾರಣವಾಗಿ ತಿರುಗಿಸುವುದು. ಸ್ವಾಧ್ಯಾಯದಲ್ಲಿ ಮೊದಲನೆಯದನ್ನು ನಾವು ವಿವರಿಸುತ್ತೇವೆ. ವ್ಯರ್ಥ ಸಂಚಾರ ಬೇಡ, ದಿಗ್ವ್ರತ ದೇಶವ್ರತಗಳನ್ನು ಪಾಲಿಸಬೇಕು ಎನ್ನುತ್ತೇವೆ. ಎರಡನೆಯದನ್ನು ಬೇಗನೆ ದಾಟಿಬಿಡುತ್ತೇವೆ. ಆಳುಗಳನ್ನಿಟ್ಟುಕೊಂಡು ಬಾಳುವ ವ್ಯಾಪಾರಿಗೆ ಎರಡನೆಯದೇ ಹೆಚ್ಚು ಹತ್ತಿರದ್ದು. ಅದೇ ಗ್ರಂಥದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಅತಿಭಾರಾರೋಪಣ, ಆಹಾರವಾರಣ ಎಂಬ ಎರಡು ಹೆಸರುಗಳೂ ಬರುತ್ತವೆ. ಶಕ್ತಿಮೀರಿದ ಹೊರೆಯನ್ನು ಹೇರುವುದು, ಹೊತ್ತಿಗೆ ಆಹಾರ ಸಿಗದಂತೆ ಮಾಡುವುದು ಎಂದು ಅವುಗಳ ಅರ್ಥ. ಎತ್ತಿನ ಬೆನ್ನಿನ ಮೇಲಿನ ಹೊರೆ ಕಣ್ಣಿಗೆ ಕಾಣುತ್ತದೆ. 91 ಗಂಟೆಗಳ ಹೊರೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಆಹಾರದ ಮಾತು ಬಂದುದರಿಂದ ಹೇಳುತ್ತೇನೆ. ಬೆಂಗಳೂರಿನಲ್ಲಿ ನವೆಂಬರ್ ಕೊನೆಯ ವೇಳೆಗೆ ಸೂರ್ಯಾಸ್ತ ಸುಮಾರು 5 ಗಂಟೆ 50 ನಿಮಿಷಕ್ಕೆ, ಜುಲೈ ಆರಂಭದಲ್ಲಿ ಸುಮಾರು 6 ಗಂಟೆ 50 ನಿಮಿಷಕ್ಕೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ನೌಕರನು ಪೇಟೆಯಲ್ಲಿ ಕೆಲಸ ಮಾಡಿ ಕೆಂಗೇರಿಗೆ ಹೋಗಿ ಹೊತ್ತಿನೊಳಗೆ ಉಣ್ಣುವುದು ವರ್ಷದ ಯಾವ ಋತುವಿನಲ್ಲಿಯೂ ಸಾಧ್ಯವಿಲ್ಲ. ಅಂಗಡಿಯಲ್ಲಿ ಇಪ್ಪತ್ತು ನಿಮಿಷದ ಬಿಡುವು ದೊರೆತರೆ ಬುತ್ತಿಯನ್ನು ಬಿಚ್ಚಬಹುದು. ದೊರೆಯದಿದ್ದರೆ ವ್ರತ ತಪ್ಪುತ್ತದೆ, ಇಲ್ಲವೆ ಹೊಟ್ಟೆ ಬರಿದಾಗಿರುತ್ತದೆ. ಜೈನ ಮಾಲೀಕರ ಅಂಗಡಿಗಳಲ್ಲಿ ಈ ಬಿಡುವು ವ್ರತವಿರುವವರಿಗೆ ಮಾತ್ರವಲ್ಲದೆ ಎಲ್ಲ ನೌಕರರಿಗೂ ಇರುವುದು ಯುಕ್ತ. ದೂರ ಹೋಗಬೇಕಾದವನ ಹಸಿವಿಗೆ ಮತದ ಭೇದವಿಲ್ಲ.

ನಮ್ಮ ಮಳಿಗೆಯಲ್ಲಿ 2023ರ ಕೊನೆಯಲ್ಲಿ, ಮೆಟ್ರೊ ಮಾರ್ಗ ಪೂರ್ಣವಾದ ಮೇಲೆ, ಎಲ್ಲರೂ ಕುಳಿತು ಮಾತನಾಡಿ ವೇಳೆಯನ್ನು ಬದಲಿಸಿದೆವು. ಹತ್ತೂವರೆಯಿಂದ ಎಂಟೂವರೆ ಎಂದಿದ್ದುದು ಒಂಬತ್ತೂವರೆಯಿಂದ ಏಳು ಎಂದಾಯಿತು. ಸೂರ್ಯಾಸ್ತಕ್ಕೆ ಮುನ್ನ ಇಪ್ಪತ್ತು ನಿಮಿಷದ ಬಿಡುವು. ಮದುವೆಯ ದಿನಗಳಲ್ಲಿಯೂ ದೀಪಾವಳಿಯ ಮುನ್ನಾ ದಿನಗಳಲ್ಲಿಯೂ ತಡವಾದರೆ ಕೆಂಗೇರಿಯಿಂದ ಮನೆಯವರೆಗಿನ ಆಟೋ ಬಾಡಿಗೆ ಅಂಗಡಿಯದು. ಅದನ್ನು ನಾನು ನಮ್ಮ ಪುಸ್ತಕದಲ್ಲಿ ಸಾಗಣೆ ವೆಚ್ಚದ ಶೀರ್ಷಿಕೆಯ ಅಡಿಯಲ್ಲಿಯೇ ಬರೆಸುತ್ತಿದ್ದೇನೆ. ಲೆಕ್ಕ ಪರಿಶೋಧಕರು ಇದು ನೌಕರರ ಕಲ್ಯಾಣದ ಶೀರ್ಷಿಕೆಗೆ ಬರಬೇಕೆಂದರು. ಶೀರ್ಷಿಕೆಯನ್ನು ಅವರು ತಮ್ಮ ನಿಯಮದಂತೆ ಬದಲಿಸಿಕೊಳ್ಳಲಿ. ಇದು ಕಲ್ಯಾಣವಲ್ಲ, ಸರಕಿನ ಬೆಲೆಯ ಒಂದು ಭಾಗ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಇದರಿಂದ ನಷ್ಟವಾಗಲಿಲ್ಲವೇ ಎಂದು ನೆರೆಯ ವ್ಯಾಪಾರಿ ಮಿತ್ರರು ಕೇಳುತ್ತಾರೆ. ಆಗಿದೆ. ಕಚೇರಿ ಮುಗಿಸಿ ಏಳೂವರೆಗೆ ಬರುವ ಗಿರಾಕಿಗಳು ನಮ್ಮ ಬಾಗಿಲು ಮುಚ್ಚಿದ್ದನ್ನು ನೋಡಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೊರ ಊರುಗಳಿಂದ ಬೆಳಗಿನ ಗಾಡಿಗೆ ಬಂದು ಸಗಟು ಕೊಳ್ಳುವವರು ನಮ್ಮಲ್ಲಿಗೆ ಮೊದಲು ಬರುವುದರಿಂದ ಅದರಲ್ಲಿ ಒಂದಿಷ್ಟು ತುಂಬಿಬಂದಿದೆ, ಎಲ್ಲವೂ ತುಂಬಿಲ್ಲ. ನನ್ನ ಮಗ ಮೊದಲ ವರ್ಷ ಇದನ್ನು ಒಪ್ಪಿರಲಿಲ್ಲ. "ಅಪ್ಪಾಜಿ, ಬೀದಿಯೆಲ್ಲ ತೆರೆದಿರುವಾಗ ನಾವೊಬ್ಬರೇ ಮುಚ್ಚಿದರೆ ಹೇಗೆ?" ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಒಬ್ಬನೇ ಪಾಲಿಸಿದರೆ ಅದು ವ್ರತ. ಬೀದಿಯೆಲ್ಲ ಪಾಲಿಸಿದರೆ ಅದು ಪದ್ಧತಿ, ಆಗ ಯಾರಿಗೂ ನಷ್ಟವಿಲ್ಲ. ಚಿಕ್ಕಪೇಟೆಯ ವ್ಯಾಪಾರದಲ್ಲಿ ನಮ್ಮ ಸಮಾಜದವರ ಅಂಗಡಿಗಳು ಕಡಿಮೆಯಿಲ್ಲ. ಒಂದು ಸಾಲಿನವರು ಒಟ್ಟಾಗಿ ತೀರ್ಮಾನಿಸಿದರೂ ಸಾಕು.

ಈ ವಿಚಾರ ಅಂಗಡಿಗೆ ಮಾತ್ರ ಸೀಮಿತವಲ್ಲ. ಜಿನಮಂದಿರಗಳ ಟ್ರಸ್ಟುಗಳಿಗೂ ಅನ್ವಯಿಸುತ್ತದೆ. ನಗರದ ನಡುವಿನ ಮಂದಿರಗಳಲ್ಲಿ ಪ್ರವಚನವೋ ವಿಧಾನವೋ ನಡೆಯುವಾಗ ಆಹ್ವಾನ ಪತ್ರಿಕೆಯಲ್ಲಿ ವಾಹನ ನಿಲುಗಡೆಗೆ ವ್ಯವಸ್ಥೆಯಿದೆ ಎಂದು ಅಚ್ಚು ಹಾಕಿಸುತ್ತೇವೆ. ಹತ್ತಿರದ ಮೆಟ್ರೊ ನಿಲ್ದಾಣ ಯಾವುದು, ಯಾವ ಬಾಗಿಲಿನಿಂದ ಹೊರಬರಬೇಕು, ಎಷ್ಟು ಹೆಜ್ಜೆ ನಡೆಯಬೇಕು, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದು ಅದರಲ್ಲಿರುವುದಿಲ್ಲ. ಕಾರಿರುವವರನ್ನು ಕರೆದು, ಕಾರಿಲ್ಲದವರಿಗೆ ದಾರಿಯನ್ನೇ ಹೇಳದಂತಾಯಿತು. ಸಂಜೆ ಏಳಕ್ಕೆ ಆರಂಭಿಸಿ ಒಂಬತ್ತೂವರೆಗೆ ಮುಗಿಸಿದರೆ ದೂರದ ಬಡಾವಣೆಯ ವೃದ್ಧ ಶ್ರಾವಿಕೆಯರು ಬರಲಾರರು. ಅವರು ಬರಲಿಲ್ಲವೆಂದು ಧರ್ಮಶ್ರದ್ಧೆ ಕಡಿಮೆಯಾಯಿತೆಂದು ನಾವೇ ವೇದಿಕೆಯ ಮೇಲೆ ಮರುಗುತ್ತೇವೆ.

ನನಗೆ ಪರಿಚಯವಿರುವ ಒಂದು ಟ್ರಸ್ಟಿನಲ್ಲಿ ಈಗ ಒಂದು ಪ್ರಶ್ನೆ ಇತ್ಯರ್ಥವಾಗದೆ ಉಳಿದಿದೆ. ಮಂದಿರದ ಹಿಂಭಾಗದಲ್ಲಿ ಎರಡು ಹೊಂಗೆಯ ಮರಗಳಿರುವ ಅಂಗಳವಿದೆ. ಮರಗಳನ್ನು ತೆಗೆದು ನೆಲಕ್ಕೆ ಕಾಂಕ್ರೀಟು ಹಾಕಿದರೆ ಹದಿನೆಂಟು ಕಾರುಗಳು ನಿಲ್ಲಬಹುದೆಂದು ಕೆಲವರು ಸೂಚಿಸಿದ್ದಾರೆ, ದಾನಿಗಳೂ ಸಿದ್ಧರಿದ್ದಾರೆ. ಹದಿನೆಂಟು ಕಾರೆಂದರೆ ಹೆಚ್ಚೆಂದರೆ ಅರವತ್ತು ಎಪ್ಪತ್ತು ಜನ. ಅಷ್ಟೇ ಹಣದಲ್ಲಿ ವರ್ಷದ ಎಲ್ಲ ಪರ್ವದಿನಗಳಲ್ಲೂ ಹತ್ತಿರದ ನಿಲ್ದಾಣದಿಂದ ಒಂದು ಸಣ್ಣ ಬಾಡಿಗೆ ವಾಹನವನ್ನು ಬಹುಕಾಲ ಓಡಿಸಬಹುದು. ಕಾರ್ಯಕ್ರಮವನ್ನು ಭಾನುವಾರ ಬೆಳಗ್ಗೆಗೆ ಬದಲಿಸುವುದಕ್ಕಂತೂ ಯಾವ ಖರ್ಚೂ ಇಲ್ಲ. ಸಭೆಯಲ್ಲಿ ನಾನು ಹೀಗೆ ಹೇಳಿದಾಗ ಒಬ್ಬ ಹಿರಿಯ ಟ್ರಸ್ಟಿಗಳು, "ಕಾರಿನಲ್ಲಿ ಬರುವವರೇ ದಾನ ಕೊಡುವವರು, ಅವರಿಗೆ ಅನಾನುಕೂಲ ಮಾಡಲಾದೀತೇ?" ಎಂದರು. ಅವರದು ದುರುದ್ದೇಶದ ಮಾತಲ್ಲ; ಮಂದಿರವನ್ನು ನಡೆಸುವವರ ಕಷ್ಟದ ಮಾತು. ಆದರೂ ಸಮವಸರಣದಲ್ಲಿ ಎಲ್ಲ ಜೀವಿಗಳಿಗೂ ಸ್ಥಾನವಿತ್ತೆಂದು ಪ್ರತಿವರ್ಷ ಹೇಳುವ ನಾವು, ಮಂದಿರದ ಬಾಗಿಲಿಗೆ ಬರುವ ದಾರಿಯಲ್ಲಿಯೇ ಭೇದವನ್ನು ಮಾಡುವುದು ಹೇಗೆ? ನಿರ್ಣಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.

ನಗರದ ರಸ್ತೆಯನ್ನು ಅಗಲ ಮಾಡುವುದಾಗಲಿ, ಮೆಟ್ರೊ ದರವನ್ನು ಇಳಿಸುವುದಾಗಲಿ, ಪಾರಿಜಾತದ ರೈಲನ್ನು ಓಡಿಸುವುದಾಗಲಿ ನಮ್ಮ ಕೈಯಲ್ಲಿಲ್ಲ. ಆದರೆ ಬಾಗಿಲು ತೆರೆಯುವ ಮತ್ತು ಮುಚ್ಚುವ ವೇಳೆ, ಸಭೆಯ ವೇಳೆ, ಆಹ್ವಾನ ಪತ್ರಿಕೆಯ ಎರಡು ಸಾಲು, ತಡವಾದ ದಿನದ ಆಟೋ ಬಾಡಿಗೆ, ಮುಸ್ಸಂಜೆಯ ಇಪ್ಪತ್ತು ನಿಮಿಷ, ಇಷ್ಟು ನಮ್ಮ ಕೈಯಲ್ಲಿದೆ. ಪತ್ರಿಕೆಯ ಓದುಗರಲ್ಲಿ ಅಂಗಡಿಯುಳ್ಳವರು ತಮ್ಮ ನೌಕರರನ್ನು ಒಮ್ಮೆ ಕೂರಿಸಿಕೊಂಡು, ಯಾರು ಎಲ್ಲಿಂದ ಹೇಗೆ ಎಷ್ಟು ಹೊತ್ತಿನಲ್ಲಿ ಎಷ್ಟು ಖರ್ಚಿನಲ್ಲಿ ಬರುತ್ತಾರೆಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕೆಂದು ವಿನಂತಿಸುತ್ತೇನೆ. ಟ್ರಸ್ಟುಗಳ ಕಾರ್ಯದರ್ಶಿಗಳು ಮುಂದಿನ ಆಹ್ವಾನ ಪತ್ರಿಕೆಯನ್ನು ಅಚ್ಚಿಗೆ ಕೊಡುವ ಮುನ್ನ ಒಂದು ದಿನ ಬಸ್ಸಿನಲ್ಲೋ ಮೆಟ್ರೊದಲ್ಲೋ ತಮ್ಮ ಮಂದಿರಕ್ಕೆ ತಾವೇ ಬಂದು ನೋಡಲಿ. ಆ ಹಾಳೆಯನ್ನು ನೋಡಿದ ಮೇಲೆ, ಆ ದಾರಿಯಲ್ಲಿ ನಡೆದ ಮೇಲೆ ಏನು ಮಾಡಬೇಕೆಂಬುದನ್ನು ನಮ್ಮ ಸಮಾಜದ ಹಿರಿಯರಿಗೆ ನಾನು ಹೇಳಬೇಕಾದ ಅಗತ್ಯವಿಲ್ಲವೆಂದು ನಂಬಿದ್ದೇನೆ.